ಹೊರಡುವಾಗಿನ ನಡುಕ

"ಕಣ್ಣು ಬಿಡ್ಬೇಡಿ ಅಮ್ಮ," ಎಂದರು ಬಸವರಾಜೇಶ್ವರಿ. "ಅವತ್ತು ಹೇಗೆ ಕೂತಿದ್ರೋ ಹಾಗೇ ಕೂತ್ಕೊಳ್ಳಿ."

ಮುನಿಲಕ್ಷ್ಮಮ್ಮ ಕಪ್ಪು ಕನ್ನಡಕದ ಮೇಲೆ ಸೆರಗನ್ನೂ ಎಳೆದುಕೊಂಡು ಹಿಂದಿನ ಸೀಟಿಗೆ ಒರಗಿದರು. ಪಕ್ಕದಲ್ಲಿ ಮಗಳು ಲತಾ, ತಾಯಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ಟೇರಿಂಗ್ ಹಿಡಿದಿದ್ದವನು ನಾಗರಾಜು. ಹನ್ನೆರಡು ವರ್ಷದಿಂದ ಆ ಮನೆಗೆ ಬಾಡಿಗೆ ಕಾರು ಓಡಿಸುತ್ತಿದ್ದ ಅವನ ಬೆರಳುಗಳು ಇವತ್ತು ಮಾತ್ರ ಹೊಸಬನ ಬೆರಳುಗಳಂತೆ ಬಿಗಿದುಕೊಂಡಿದ್ದವು.

ಮಲ್ಲತ್ತಹಳ್ಳಿ ಕೆರೆಯ ಬದಿಯ ರಸ್ತೆ ಮಧ್ಯಾಹ್ನದ ಬಿಸಿಲಲ್ಲಿ ತೂಕಡಿಸುತ್ತಿತ್ತು. ನೀರಿನಿಂದೆದ್ದ ಬೆಳಕು ಕಾರಿನ ಚಾವಣಿಯ ಒಳಮೈಗೆ ಬಿದ್ದು, ಯಾರೋ ಒಳಗೆ ಕೂತು ತೊಟ್ಟಿಲು ತೂಗುತ್ತಿದ್ದಾರೆ ಎಂಬಂತೆ ಮೆಲ್ಲಗೆ ಅಲುಗುತ್ತಿತ್ತು.

ಮೂರು ವಾರದ ಹಿಂದೆ, ಕಣ್ಣಿನ ಪೊರೆ ತೆಗೆಸಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ಮುನಿಲಕ್ಷ್ಮಮ್ಮನನ್ನು ಯಾರೋ ಕಾರಿನಲ್ಲಿ ಕರೆದೊಯ್ದು, ಮಾತ್ರೆಯ ಮಂಪರಿನಲ್ಲಿದ್ದಾಗಲೇ ಕೆರೆ ಪಕ್ಕದ ಅವರ ಜಾಗವನ್ನು ಬರೆದುಕೊಟ್ಟಂತೆ ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮನೆಯ ಮುಂದೆ ಇಳಿಸಿ ಹೋಗಿದ್ದರು. ಪತ್ರದಲ್ಲಿದ್ದ ಹೆಸರಿನವನು ಆ ವಿಳಾಸದಲ್ಲಿ ಇರಲೇ ಇಲ್ಲ. ಅವತ್ತು ಆಸ್ಪತ್ರೆಗೆ ಹೋಗಬೇಕಿದ್ದವನು ನಾಗರಾಜು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ತಡವಾಗಿ ಹೋದೆ, ಅಷ್ಟರಲ್ಲಿ ಅಮ್ಮ ಅಲ್ಲಿರಲಿಲ್ಲ ಎಂದು ಅವನು ಹೇಳಿದ್ದನ್ನು ಠಾಣೆಯಲ್ಲಿ ಯಾರೂ ನಂಬಿರಲಿಲ್ಲ.

ನಂಬದಿರಲು ಒಂದು ಕಾರಣವೂ ಸಿಕ್ಕಿತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಹಾಲು ಹಾಲು ಮಂಜು, ಜೊತೆಗೆ ನಿದ್ದೆ. ಹಾಗಿದ್ದ ಮುದುಕಿಗೆ ನೆನಪಿದ್ದದ್ದು ಒಂದೇ: ಕಾರು ಅದುರುತ್ತಿತ್ತು. ಸಬ್ ಇನ್ಸ್‌ಪೆಕ್ಟರ್ ಗಿರಿರಾಜ್ ನಾಗರಾಜುವಿನ ಕಾರಿನಲ್ಲಿ ಕೂತು ಒಂದು ಸುತ್ತು ಹಾಕಿಸಿದ್ದರು. ಸಿಗ್ನಲ್ ಹತ್ತಿರ ಕಾರು ಗಡಗಡ ಅದುರಿತ್ತು. ಅವರು ಅದನ್ನೇ ಬರೆದುಕೊಂಡಿದ್ದರು. ಇವತ್ತು ನಾಲ್ಕು ಗಂಟೆಗೆ ಮುನಿಲಕ್ಷ್ಮಮ್ಮನ ಹೇಳಿಕೆ ಪಡೆಯಲು ಬರುವವರಿದ್ದರು. ಮುದುಕಿ 'ಇದೇ ಕಾರು' ಎಂದರೆ ನಾಗರಾಜು ಜೈಲಿಗೆ, 'ಇದಲ್ಲ' ಎಂದರೆ ಮನೆಗೆ.

ಬಸವರಾಜೇಶ್ವರಿ ಕೈಗಡಿಯಾರ ನೋಡಿಕೊಂಡರು. ಎರಡೂವರೆ. ಇಪ್ಪತ್ತಾರು ವರ್ಷ ಒಂದು ವಿಮಾ ಕಂಪನಿಗಾಗಿ ಜಖಂಗೊಂಡ ಕಾರುಗಳನ್ನು ಪರೀಕ್ಷಿಸಿ ನಿವೃತ್ತರಾದ ಹೆಂಗಸು ಅವರು. ಬಸವೇಶ್ವರನಗರದ ಅವರ ಮನೆಗೆ ಜನ ಇಂಥ ಗಂಟುಗಳನ್ನು ತರುವುದು ಹೊಸದಲ್ಲ. ಮನುಷ್ಯರು ಹೇಳದ್ದನ್ನು ಗಾಡಿಗಳು ಹೇಳುತ್ತವೆ ಎಂಬುದು ಅವರ ಅನುಭವ.

"ಹೊರಡು ನಾಗರಾಜು. ನಿಧಾನಕ್ಕೆ."

ಕಾರು ನೀರಿಗಿಳಿದ ದೋಣಿಯಂತೆ ಸದ್ದಿಲ್ಲದೆ ಹೊರಟಿತು. ಹೊಂಗೆ ಮರಗಳ ನೆರಳು ಒಂದೊಂದಾಗಿ ಮೈಮೇಲಿಂದ ಹರಿದು ಹೋಯಿತು. ಮೂರನೇ ಗೇರಿಗೆ ಬಂದ ಮೇಲೆ ಬಸವರಾಜೇಶ್ವರಿ ಬ್ರೇಕ್ ಒತ್ತಲು ಹೇಳಿದರು.

ಒತ್ತಿದ ಕೂಡಲೇ ಸ್ಟೇರಿಂಗ್ ಚಕ್ರ ಅವನ ಕೈಯಲ್ಲಿ ಎಡಬಲಕ್ಕೆ ಕುಣಿಯಿತು. ಅದುರು ಕಾಲಡಿಯ ನೆಲಕ್ಕೂ ಇಳಿದು, ಕಾರು ನಿಂತ ಮೇಲೆ ಮಾಯವಾಯಿತು.

ಸೆರಗಿನೊಳಗಿನಿಂದ ಮುನಿಲಕ್ಷ್ಮಮ್ಮ ತಲೆಯಾಡಿಸಿದರು.

"ಇದಲ್ಲ ಕಣಮ್ಮ. ಇದು ನಿಲ್ಲೋವಾಗ ಅದುರ್ತದೆ. ಅವತ್ತಿಂದು ಹೊರಡೋವಾಗ ಅದುರ್ತಿತ್ತು."

"ಖಂಡಿತವಾಗಿ?"

"ಮರೀತೀನಾ?" ಎಂದ ಮುದುಕಿ, ಬೆಳಿಗ್ಗೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳತೊಡಗಿದರು.

ಅವತ್ತು ಅವರಿಗೆ ತಾವು ಕಾರಿನಲ್ಲಿದ್ದೇವೆ ಎಂದೇ ಅನಿಸಿರಲಿಲ್ಲವಂತೆ. ಏಳೆಂಟು ವರ್ಷದ ಹುಡುಗಿಯಾಗಿ, ರಾಗಿ ಹೊರೆಯ ಮೇಲೆ ಅಂಗಾತ ಮಲಗಿ, ಎತ್ತಿನ ಗಾಡಿಯಲ್ಲಿ ಕೆರೆ ಏರಿ ಹತ್ತುತ್ತಿದ್ದರಂತೆ. ಏರಿಯ ಬುಡದಲ್ಲಿ ಎತ್ತುಗಳು ಮೊಂಡು ಹಿಡಿದು, ನೊಗ ಎಳೆದು, ಬಿಟ್ಟು, ಮತ್ತೆ ಎಳೆದು, ಮೈಯೆಲ್ಲ ಕುಲುಕಿಸಿ ಆಮೇಲೆ ಹೊರಡುತ್ತಿದ್ದವು. ಹೊರಟ ಮೇಲೆ ತಂಪು ಗಾಳಿ. ಸ್ವಲ್ಪ ಹೊತ್ತಿಗೆ ಮತ್ತೆ ನಿಲುಗಡೆ, ಮತ್ತೆ ಆ ಕುಲುಕಾಟ. ಗಾಡಿ ಹೊಡೆಯುತ್ತಿದ್ದವರು ಯಾರೆಂದು ಕಾಣಲಿಲ್ಲ. ಆದರೆ ಗಾಡಿ ನಿಂತಾಗಲೆಲ್ಲ ತಲೆಯ ಮೇಲೆ ಒಂದು ಕೈ ಬಂದು ಹೋಗುತ್ತಿತ್ತು. ಅವ್ವನೇ ಕರೆದುಕೊಂಡು ಹೋಗುತ್ತಿದ್ದಾಳೆ ಎಂದುಕೊಂಡು ತಾವು ಹೆದರದೆ ಮಲಗಿಬಿಟ್ಟರಂತೆ.

ಲತಾ ತಾಯಿಯ ಕೈಯನ್ನು ಮಡಿಲಿನಿಂದ ಎತ್ತಿ ಸೀಟಿನ ಮೇಲಿಟ್ಟು, ಕಿಟಕಿಯ ಗಾಜು ಇಳಿಸಿದಳು.

ಹೊಂಗೆ ಮರದಡಿ ಕಾಯುತ್ತಿದ್ದ ವಿಠ್ಠಲ ಎದ್ದು ಬಂದ. ಬಾಪೂಜಿ ನಗರದಲ್ಲಿ ಅವನದೊಂದು ಗ್ಯಾರೇಜಿದೆ. ಬಸವರಾಜೇಶ್ವರಿ ಕರೆದರೆ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ಕೆಳಗಿಟ್ಟು ಬರುವವನು. ನಾಗರಾಜುವಿನ ಕಾರಿನ ಮುಂದಿನ ಚಕ್ರ ಬಿಚ್ಚಿ, ಒಳಗಿದ್ದ ಬ್ರೇಕ್ ಡಿಸ್ಕನ್ನು ಬಟ್ಟೆಯಿಂದ ಒರೆಸಿ ತೋರಿಸಿದ. ಕಬ್ಬಿಣದ ತಟ್ಟೆಯ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು.

"ನೋಡಿ ಅಕ್ಕ, ತಟ್ಟೆ ಸೊಟ್ಟಗಾಗಿದೆ. ಬ್ರೇಕ್ ಹಿಡಿದಾಗ ಒಂದ್ಕಡೆ ಕಚ್ಚುತ್ತೆ, ಇನ್ನೊಂದ್ಕಡೆ ಬಿಡುತ್ತೆ. ಅದೇ ಸ್ಟೇರಿಂಗ್‌ಗೆ ಹೊಡೆಯೋದು." ಆಮೇಲೆ ನಾಗರಾಜುವಿನ ಕಡೆ ತಿರುಗಿದ. "ಬಿಸಿ ಚಕ್ರಕ್ಕೆ ನೀರು ಸುರಿದ್ಯಾ ಗುರು?"

ನಾಗರಾಜು ತಲೆ ತಗ್ಗಿಸಿದ. ಆಯುಧ ಪೂಜೆಯ ದಿನ ಬೆಳಿಗ್ಗೆ ಬಿಡದಿಯವರೆಗೆ ಒಂದು ಬಾಡಿಗೆ ಇತ್ತಂತೆ. ಮೈಸೂರು ರಸ್ತೆಯ ಉದ್ದಕ್ಕೂ ಬ್ರೇಕ್ ಒತ್ತುತ್ತಲೇ ಬಂದಿದ್ದ. ಸ್ಟ್ಯಾಂಡಿನಲ್ಲಿ ಪೂಜೆಗೆ ಕೂರಿಸಿದ್ದ ಪುರೋಹಿತರು ರಾಹುಕಾಲ ಬರುತ್ತದೆ ಬೇಗ ಬಾ ಎಂದು ಎರಡು ಸಲ ಫೋನ್ ಮಾಡಿಸಿದ್ದರು. ಬಂದವನೇ ಬೋರ್‌ವೆಲ್ಲಿನ ತಣ್ಣೀರು ಎರಡು ಬಕೆಟ್ ಚಕ್ರಗಳಿಗೆ ಎರಚಿ, ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದಿದ್ದ. ಚಕ್ರದಿಂದ ಚುರ್ ಎಂದು ಆವಿ ಎದ್ದದ್ದನ್ನು ನೋಡಿ ಧೂಪದ ಹೊಗೆ ಎಂದುಕೊಂಡಿದ್ದನಂತೆ.

"ಪ್ರತಿ ವರ್ಷ ಹಬ್ಬ ಆದ ಮೇಲೆ ಇಂಥವು ಹತ್ತು ಗಾಡಿ ಬರ್ತವೆ ನನ್ ಹತ್ರ," ಎಂದ ವಿಠ್ಠಲ. "ದೇವ್ರಿಗೆ ಅಂತ ತೊಳೀತಾರೆ, ನಂಗೆ ಹಬ್ಬ ಆಗುತ್ತೆ."

ಬಸವರಾಜೇಶ್ವರಿ ನಗಲಿಲ್ಲ. ಮುನಿಲಕ್ಷ್ಮಮ್ಮನ ಕಣ್ಣಿನ ಆಪರೇಷನ್ ಆದದ್ದು ಪೂಜೆಗೆ ಐದು ದಿನ ಮುಂಚೆ. ಆ ದಿನ ನಾಗರಾಜುವಿನ ಕಾರು ಅದುರುತ್ತಲೇ ಇರಲಿಲ್ಲ. ಆಮೇಲೆ ಅದುರಲು ಶುರುವಾದ ಕಾರಿನಲ್ಲಿ ಗಿರಿರಾಜ್ ಸುತ್ತು ಹಾಕಿ, ಅದುರಿದ್ದೆಲ್ಲ ಒಂದೇ ಎಂದು ಬರೆದುಕೊಂಡಿದ್ದರು.

ಒಂದೇ ಅಲ್ಲ. ಇಪ್ಪತ್ತಾರು ವರ್ಷದಲ್ಲಿ ಅವರು ಕಲಿತದ್ದರಲ್ಲಿ ಮೊದಲ ಪಾಠವೇ ಅದು. ಗಾಡಿ ನಡುಗಿದರೆ ಎಷ್ಟು ನಡುಗಿತು ಎಂದು ಕೇಳಬಾರದು, ಯಾವಾಗ ನಡುಗಿತು ಎಂದು ಕೇಳಬೇಕು. ನಿಲ್ಲುವಾಗ ನಡುಗಿದರೆ ಬ್ರೇಕು. ಹೆದ್ದಾರಿಯಲ್ಲಿ ವೇಗ ಏರಿದಾಗ ಮಾತ್ರ ನಡುಗಿದರೆ ಚಕ್ರದ ತೂಕ ಹೆಚ್ಚುಕಡಿಮೆಯಾಗಿದೆ. ನಿಂತಲ್ಲಿಂದ ಹೊರಡುವಾಗ, ಮೊದಲ ಗೇರಿನಲ್ಲಿ, ಎತ್ತು ಮೊಂಡು ಹಿಡಿದಂತೆ ಎಳೆದು ಬಿಟ್ಟು ಎಳೆದು ಬಿಟ್ಟು ಮುಂದೆ ಹೋದರೆ ಅದು ಕ್ಲಚ್ಚು.

ಮುನಿಲಕ್ಷ್ಮಮ್ಮ ಕನಸಿನಲ್ಲಿ ಕಂಡ ಎತ್ತುಗಳು ಯಾವುದೋ ಕಾರಿನ ಕ್ಲಚ್ ಪ್ಲೇಟಿನಿಂದ ಹುಟ್ಟಿದ್ದವು.

ಮೂರು ಗಂಟೆಗೆ ಮೋಹನ್ ಕುಮಾರ್ ಬಂದ. ಮುನಿಲಕ್ಷ್ಮಮ್ಮನ ತಮ್ಮನ ಮಗ, ಕೆಂಗೇರಿಯಲ್ಲಿ ಟೈಲ್ಸ್ ಅಂಗಡಿ. ಆಪರೇಷನ್ನಿನ ದಿನಾಂಕ, ಆಸ್ಪತ್ರೆ, ಬಿಡುಗಡೆಯ ಹೊತ್ತು, ಎಲ್ಲ ಗೊತ್ತಿದ್ದವರಲ್ಲಿ ಕಾರಿದ್ದ ಇನ್ನೊಬ್ಬನೆಂದರೆ ಅವನೇ. ಕಾರು ತಂದು ತೋರಿಸು ಎಂದಾಗ ಒಂದು ಮಾತೂ ಆಡದೆ ಒಪ್ಪಿಕೊಂಡಿದ್ದ. ಇಳಿದವನೇ ಅತ್ತೆಯ ಕಾಲು ಮುಟ್ಟಿ, ಬೀಗದ ಕೈಯನ್ನು ಬಸವರಾಜೇಶ್ವರಿಯ ಅಂಗೈಯಲ್ಲಿಟ್ಟ.

"ಬಿಚ್ಚಿ ನೋಡಿ ಆಂಟಿ ಬೇಕಾದ್ರೆ. ನಂಗೇನು."

ಅವನೇ ಓಡಿಸಲಿ ಎಂದರು ಬಸವರಾಜೇಶ್ವರಿ. ಮತ್ತೆ ಸೆರಗು, ಮತ್ತೆ ಮುಚ್ಚಿದ ಕಣ್ಣು. ಈ ಸಲ ಕಾರು ಹೊರಟಿತೋ ನಿಂತಿತೋ ತಿಳಿಯಲಿಲ್ಲ, ಅಷ್ಟು ನುಣುಪು. ಕೆರೆಯ ಏರಿಯ ಚಿಕ್ಕ ಏರಿನಲ್ಲಿ ಎರಡು ಸಲ ನಿಲ್ಲಿಸಿ ಎರಡು ಸಲ ಹೊರಡಿಸಿದರು. ಬೆಳಕಿನ ಅಲೆಗಳು ಚಾವಣಿಯಲ್ಲಿ ತೇಲಿದವು. ಮುನಿಲಕ್ಷ್ಮಮ್ಮನಿಗೆ ನಿಜಕ್ಕೂ ನಿದ್ದೆ ಹತ್ತಿ ಬಂತು.

"ಇದಂತೂ ತೇಲ್ಕೊಂಡ್ ಹೋಯ್ತದೆ," ಎಂದರು ಆಕಳಿಸುತ್ತಾ. "ಇದಲ್ಲವೇ ಅಲ್ಲ."

ಮೋಹನ್ ಕುಮಾರ್ ಕನ್ನಡಿಯಲ್ಲಿ ನಸುನಕ್ಕ. ಬಸವರಾಜೇಶ್ವರಿ ಅವನ ಮುಖ ನೋಡುತ್ತಿರಲಿಲ್ಲ, ಎಡಗಾಲು ನೋಡುತ್ತಿದ್ದರು. ಗೇರ್ ಬಿದ್ದ ಮರುಕ್ಷಣವೇ ಆ ಕಾಲು ಪೆಡಲಿನಿಂದ ಇಳಿದು ಪಕ್ಕದ ನೆಲದಲ್ಲಿ ವಿಶ್ರಮಿಸುತ್ತಿತ್ತು. ಚೊಕ್ಕ ಕಾಲು. ಹದಿನೈದು ವರ್ಷ ಓಡಿಸಿದವನ ಕಾಲು.

"ನಿಮ್ಮ ಗಾಡಿ ಎಷ್ಟು ಓಡಿದೆ?"

"ಅರವತ್ತು ಸಾವಿರ ದಾಟಿದೆ ಆಂಟಿ."

"ಕ್ಲಚ್ ಯಾವತ್ತಾದ್ರೂ ಬದಲಾಯಿಸಿದ್ರಾ?"

"ಇಲ್ಲ. ಕಂಪನಿ ಕ್ಲಚ್ಚೇ."

ಅರವತ್ತು ಸಾವಿರ ಓಡಿದ ಕ್ಲಚ್ಚಿನ ಪೆಡಲು ಕಾಲಿಗೆ ಇಷ್ಟು ಹಗುರವಾಗಿ ಇಳಿಯುವುದಿಲ್ಲ. ಕಾರು ಮರದಡಿಗೆ ಬಂದು ನಿಂತ ಮೇಲೆ ಬಸವರಾಜೇಶ್ವರಿ ವಿಠ್ಠಲನಿಗೆ ಕಣ್ಣಲ್ಲೇ ಹೇಳಿದರು. ಅವನು ಗೋಣಿಚೀಲ ಹಾಸಿಕೊಂಡು ಕಾರಿನಡಿ ನುಗ್ಗಿದ. ಇಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗುಗಳು ಸರಿಯಾಗೇ ಇವೆ ಎಂದು ಅಡಿಯಿಂದಲೇ ಕೂಗಿದ. ಹೊರಬಂದಾಗ ಅವನ ಕೈಯೆಲ್ಲ ಜಿಡ್ಡು, ಬೋಲ್ಟು ಮುಟ್ಟಿದ ಬೆರಳ ತುದಿಗಳು ಮಾತ್ರ ಕಪ್ಪಾಗಿರಲಿಲ್ಲ.

"ಗೇರ್‌ಬಾಕ್ಸ್ ಬೋಲ್ಟುಗಳು ಮಿರಮಿರ ಅಂತಿವೆ ಅಕ್ಕ. ಸುತ್ತ ಎಲ್ಲಾ ಐದು ವರ್ಷದ ಜಿಡ್ಡು. ಮೊನ್ನೆ ಮೊನ್ನೆ ಬಿಚ್ಚಿದಾರೆ."

ಮೋಹನ್ ಕುಮಾರ್‌ನ ನಗು ಅಲ್ಲೇ ಇತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. ಸರ್ವೀಸಿಗೆ ಬಿಟ್ಟಾಗ ಏನೋ ಮಾಡಿರಬೇಕು, ತನಗೆ ಗಾಡಿಯ ವಿಷಯ ಅಷ್ಟು ತಿಳಿಯುವುದಿಲ್ಲ ಎಂದ. ಎಲ್ಲಿ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಬಿನ್ನಿಪೇಟೆ ಕಡೆ ಯಾವುದೋ ಒಂದು ಎಂದ.

ಬಸವರಾಜೇಶ್ವರಿ ಕಾರಿನ ಹಿಂಭಾಗಕ್ಕೆ ನಡೆದರು. ಈ ಕಡೆಯ ಗ್ಯಾರೇಜಿನವರದ್ದು ಒಂದು ಪದ್ಧತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಸಾಮಾನು ಹಾಕಿದ ಮೇಲೆ ಹಳೆಯದನ್ನು ಹೊಸದರ ಡಬ್ಬಿಯಲ್ಲೇ ಇಟ್ಟು ಡಿಕ್ಕಿಗೆ ಹಾಕಿಬಿಡುತ್ತಾರೆ, ಬದಲಾಯಿಸದೆಯೇ ಬದಲಾಯಿಸಿದೆ ಅಂದರು ಎಂಬ ಅಪವಾದ ಬರಬಾರದೆಂದು. ಗಾಡಿಯವರು ಅದನ್ನು ನೋಡುವುದೂ ಇಲ್ಲ, ಎಸೆಯುವುದೂ ಇಲ್ಲ.

ಡಿಕ್ಕಿಯಲ್ಲಿ ಟೈಲ್ಸಿನ ಸ್ಯಾಂಪಲ್ಲುಗಳು. ಅವುಗಳ ಹಿಂದೆ ಸ್ಟೆಪ್ನಿ ಚಕ್ರಕ್ಕೆ ಒತ್ತಿಕೊಂಡು ಒಂದು ಚೌಕದ ರಟ್ಟಿನ ಡಬ್ಬಿ.

ಕಾರಿನ ಬಾನೆಟ್ಟಿನ ಮೇಲೆ ಹಳೇ ಪೇಪರ್ ಹಾಸಿ ವಿಠ್ಠಲ ಅದನ್ನು ಬಿಚ್ಚಿದ. ಊಟದ ತಟ್ಟೆಯಷ್ಟು ಅಗಲದ ಕ್ಲಚ್ ಪ್ಲೇಟು. ಸುಟ್ಟ ವಾಸನೆ ಗಾಳಿಗೆ ಹರಡಿತು. ಮುಖವೆಲ್ಲ ಕಪ್ಪಗಾಗಿ, ಅಲ್ಲಲ್ಲಿ ಗಾಜಿನಂತೆ ಹೊಳೆಯುತ್ತಿತ್ತು. ಹೊಳೆಯುವ ಕಡೆ ಜಾರಿ, ಒರಟಿರುವ ಕಡೆ ಕಚ್ಚಿ, ಪ್ರತಿ ಸಲ ಹೊರಡುವಾಗಲೂ ಕಾರನ್ನು ಕುಲುಕಿಸಿದ ಪ್ಲೇಟು.

"ನಿಮ್ಮ ಅತ್ತೆಯ ಎತ್ತುಗಳು ಇಲ್ಲಿವೆ," ಎಂದರು ಬಸವರಾಜೇಶ್ವರಿ.

ಮೋಹನ್ ಕುಮಾರ್ ಪ್ಲೇಟನ್ನು ನೋಡಿದ, ನಾಗರಾಜುವನ್ನು ನೋಡಿದ. ಹಣೆಯ ಬೆವರು ಒರೆಸಿಕೊಂಡು, ಸರಿ, ಕ್ಲಚ್ ಹೋಗಿತ್ತು, ಬದಲಾಯಿಸಿದೆ, ಅದು ಅಪರಾಧವೇ ಎಂದು ಕೇಳಿದ. ಅದುರುವ ಕಾರುಗಳು ಬೆಂಗಳೂರಿನಲ್ಲಿ ಲಕ್ಷ ಇವೆ ಎಂದ. ಅವನ ಧ್ವನಿ ಏರಿತ್ತು. ದೂರದಲ್ಲಿ ಕಲ್ಲುಬೆಂಚಿನ ಮೇಲೆ ತಾಯಿಯ ಪಕ್ಕ ಕೂತಿದ್ದ ಲತಾ ಎದ್ದು ನಿಂತಳು. ಮುನಿಲಕ್ಷ್ಮಮ್ಮ ಅವಳ ತೋಳು ಹಿಡಿದುಕೊಂಡು ತಾವೂ ಎದ್ದು, ಇಬ್ಬರೂ ಮೆಲ್ಲಗೆ ಇತ್ತ ನಡೆದು ಬಂದರು.

"ಅಪರಾಧ ಅಂತ ನಾನು ಅಂದ್ನಾ?" ಬಸವರಾಜೇಶ್ವರಿ ಪ್ಲೇಟಿನ ಹೊಳಪಿನ ಮೇಲೆ ಬೆರಳಾಡಿಸಿದರು. "ನಾನು ಬೇರೇನೇ ಕೇಳ್ಬೇಕು ಅಂತಿದೀನಿ. ಇದನ್ನ ಹೀಗೆ ಸುಟ್ಟೋರು ಕ್ಲಚ್ಚಿನ ಮೇಲಿಂದ ಕಾಲೇ ತೆಗೆದಿಲ್ಲ. ಅರ್ಧ ಒತ್ಕೊಂಡೇ ಓಡಿಸಿದಾರೆ, ಭಯದಲ್ಲಿ. ಹೊಸಬರು. ನಿಮ್ಮ ಕಾಲು ಹಾಗಲ್ಲ, ಈಗ ತಾನೇ ನೋಡಿದೆ. ಇದು ಯಾರ ಕಾಲು ಮೋಹನ್?"

ಮೋಹನ್ ಕುಮಾರ್ ಡಬ್ಬಿಯ ಮುಚ್ಚಳ ಹಾಕಲು ಹೋದ.

"ನಾಲ್ಕು ಗಂಟೆಗೆ ಗಿರಿರಾಜ್ ಬರ್ತಾರೆ. ಈ ಡಬ್ಬಿ ಅವರಿಗೆ ಕೊಡ್ತೀನಿ. ಆಮೇಲೆ ಅವರು ಕೇಳೋದು ನಿಮ್ಮನ್ನೇ, ಬೇರೆ ಯಾರನ್ನೂ ಅಲ್ಲ."

ಕೆರೆಯ ಮೇಲೆ ಒಂದು ಬೆಳ್ಳಕ್ಕಿ ರೆಕ್ಕೆ ಬಿಚ್ಚಿ ಮತ್ತೆ ಮಡಚಿಕೊಂಡಿತು. ಮೋಹನ್ ಕುಮಾರ್ ಅದನ್ನೇ ನೋಡುತ್ತ, ತುಂಬ ತಗ್ಗಿದ ದನಿಯಲ್ಲಿ ಹೇಳಿದ.

"ಆ ವಾರ ಗಾಡಿ ನನ್ ಹತ್ರ ಇರ್ಲಿಲ್ಲ ಆಂಟಿ. ಲತಕ್ಕ ಎರಡು ತಿಂಗಳಿಂದ ನನ್ ಗಾಡೀಲೇ ಡ್ರೈವಿಂಗ್ ಕಲೀತಿದ್ರು. ಆ ವಾರ ಪೂರ್ತಿ ಅವರ ಮನೇಲೇ ಇತ್ತು. ಕ್ಲಚ್ ಬದಲಾಯಿಸು, ಯಾರಿಗೂ ಹೇಳ್ಬೇಡ ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ಪೊಲೀಸ್ನೋರು ಬಂದ ಮೇಲೆ ಕೇಳೋಕೆ ಧೈರ್ಯ ಬರ್ಲಿಲ್ಲ."

ಬಸವರಾಜೇಶ್ವರಿ ತಿರುಗಿ ನೋಡಿದರು. ಲತಾ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ವಿಜಯನಗರದ ಶಾಲೆಯಲ್ಲಿ ಲೆಕ್ಕ ಕಲಿಸುವ ಟೀಚರು. ಅವತ್ತು ಪೇಪರ್ ತಿದ್ದಲು ಶಾಲೆಗೆ ಹೋಗಿದ್ದೆ, ಅದಕ್ಕೇ ನಾಗಣ್ಣನನ್ನು ಆಸ್ಪತ್ರೆಗೆ ಕಳಿಸಿದ್ದೆ ಎಂದು ಹೇಳಿಕೆ ಕೊಟ್ಟಿದ್ದಳು. ಆ ಹೇಳಿಕೆಯನ್ನು ಪರೀಕ್ಷಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಬಸವರಾಜೇಶ್ವರಿಗೂ.

ತಲೆಯ ಮೇಲೆ ಬಂದು ಹೋಗುತ್ತಿದ್ದ ಕೈ. ಹೆದರದೆ ಮಲಗಿಬಿಟ್ಟ ಮುದುಕಿ. ಅವರು ಬೆಳಿಗ್ಗೆಯಿಂದ ಎತ್ತುಗಳನ್ನು ಮಾತ್ರ ಹಿಂಬಾಲಿಸಿದ್ದರು, ಕೈಯನ್ನು ಬಿಟ್ಟುಬಿಟ್ಟಿದ್ದರು.

ಮುನಿಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕನ್ನಡಕ ತೆಗೆದು, ಹೊಸದಾಗಿ ಬೆಳಕು ಕಂಡ ಆ ಕಣ್ಣಿನಿಂದ ಮಗಳನ್ನು ಬಹಳ ಹೊತ್ತು ನೋಡಿದರು, ಜ್ವರ ಬಂದ ಮಗುವನ್ನು ನೋಡುವ ಹಾಗೆ. ಮುದುಕಿ ಅವಳ ಕೈಯನ್ನು ಹುಡುಕಿ ತೆಗೆದುಕೊಂಡು, ತಮ್ಮ ಎರಡೂ ಕೈಗಳೊಳಗೆ ಮುಚ್ಚಿಟ್ಟುಕೊಂಡರು.

ಜೀಪು ಬಂತು. ಗಿರಿರಾಜ್ ಇಳಿದು ಎಲ್ಲರಿಗೂ ನಮಸ್ಕಾರ ಮಾಡಿ, ಬಾನೆಟ್ಟಿನ ಮೇಲಿದ್ದ ಪ್ಲೇಟನ್ನು ಕುತೂಹಲದಿಂದ ನೋಡಿದರು. ಬಸವರಾಜೇಶ್ವರಿ ಹೇಳಬೇಕಾದ್ದನ್ನು ಹೇಳಿದರು: ಬ್ರೇಕಿನ ಅದುರು ಬೇರೆ, ಕ್ಲಚ್ಚಿನ ಅದುರು ಬೇರೆ, ನಾಗರಾಜುವಿನ ಕಾರು ಕೆಟ್ಟದ್ದು ಪೂಜೆಯ ದಿನ, ಅಂದರೆ ಘಟನೆಯ ನಂತರ. ಗಿರಿರಾಜ್ ಗಮನವಿಟ್ಟು ಕೇಳಿದರು, ಒಂದೆರಡು ಕಡೆ ತಲೆಯಾಡಿಸಿದರು. ಬುದ್ಧಿವಂತ ಹುಡುಗ. ಅವರ ಪೆನ್ನು ನಾಗರಾಜುವಿನ ಹೆಸರಿನ ಮೇಲೆ ಬಂದು ನಿಂತಿತ್ತು.

"ಅಮ್ಮ, ನೀವು ಹೇಳಿ. ಹೊರಡೋವಾಗ ಅದುರಿದ್ದಾ, ನಿಲ್ಲೋವಾಗಲಾ?"

"ನಿಲ್ಲೋವಾಗ," ಎಂದರು ಮುನಿಲಕ್ಷ್ಮಮ್ಮ.

ವಿಠ್ಠಲನ ಕೈಯಿಂದ ಬಟ್ಟೆ ಜಾರಿ ಬಿತ್ತು.

"ಅಮ್ಮ," ಎಂದರು ಬಸವರಾಜೇಶ್ವರಿ, "ಒಂದೂವರೆ ಗಂಟೆ ಹಿಂದೆ ನೀವು..."

"ವಯಸ್ಸಾಯ್ತಲ್ಲ ಕಣಮ್ಮ. ಕನಸಿಂದ್ಯಾವ್ದು, ನಿಜದ್ದ್ಯಾವ್ದು, ಎಲ್ಲಾ ಕಲಸೋಗಿತ್ತು. ಈಗ ಸರಿಯಾಗಿ ನೆಪ್ಪಿಗೆ ಬಂತು." ಅವರು ಗಿರಿರಾಜ್ ಕಡೆ ತಿರುಗಿದರು, ಬಸವರಾಜೇಶ್ವರಿಯ ಕಡೆ ನೋಡಲಿಲ್ಲ. "ಮೊದಲ್ನೇ ಕಾರೇ ಕಣಪ್ಪ. ನಾಗರಾಜಂದೇ. ಬರ್ಕೋ."

ಮಗಳ ಕೈ ಇನ್ನೂ ಅವರ ಕೈಗಳೊಳಗೇ ಇತ್ತು.

ಹನ್ನೆರಡು ವರ್ಷ. ಮೊಮ್ಮಕ್ಕಳ ಶಾಲೆ, ಗಂಡನ ಡಯಾಲಿಸಿಸ್, ಗಂಡ ತೀರಿಹೋದ ದಿನ ಊರಿಂದೂರಿಗೆ ಸುದ್ದಿ ಮುಟ್ಟಿಸಿದ್ದು, ಎಲ್ಲಕ್ಕೂ ಇವನ ಕಾರೇ. ಇವನನ್ನು ಉಳಿಸಿ ಕೊಡಿ ಎಂದು ಬಸವೇಶ್ವರನಗರದ ಮೆಟ್ಟಿಲು ಹತ್ತಿ ಬಂದಿದ್ದವರೂ ಇದೇ ಮುನಿಲಕ್ಷ್ಮಮ್ಮ. ಬಸವರಾಜೇಶ್ವರಿ ಪ್ಲೇಟನ್ನು ಎತ್ತಿ ಗಿರಿರಾಜ್ ಮುಂದೆ ಹಿಡಿದರು. ಇದು ಸುಳ್ಳು ಹೇಳುವುದಿಲ್ಲ ಎಂದರು.

"ಇರ್ಬಹುದು ಮೇಡಂ," ಎಂದರು ಗಿರಿರಾಜ್, ನಿಜವಾದ ಬೇಸರದಿಂದಲೇ. "ಆದ್ರೆ ಅವತ್ತು ಕಾರಲ್ಲಿ ಕೂತಿದ್ದೋರು ಅವರು. ಅವರು ಹೇಳಿದ ಮೇಲೆ ನಾನು ಇದನ್ನ ಇಟ್ಕೊಂಡು ಏನ್ ಮಾಡ್ಲಿ?"

ಅತ್ತೆಯ ಮಾತು ಕೇಳಿದ ಮೋಹನ್ ಕುಮಾರ್ ಆಗಲೇ ಮುಖ ತಿರುಗಿಸಿ ತನ್ನ ಕಾರಿನತ್ತ ಸರಿದಿದ್ದ. ಇನ್ನೊಬ್ಬ ಉಳಿದಿದ್ದ. ತನ್ನ ಕಾರು ಪೂಜೆಯವರೆಗೂ ಅದುರುತ್ತಿರಲಿಲ್ಲ ಎಂದು ನಾಗರಾಜು ಈಗ ಬಾಯಿಬಿಟ್ಟು ಹೇಳಿದರೆ ಸಾಕಿತ್ತು. ಸ್ಟ್ಯಾಂಡಿನ ಎಲ್ಲ ಡ್ರೈವರುಗಳೂ ಸಾಕ್ಷಿ ಹೇಳುತ್ತಿದ್ದರು. ಬಸವರಾಜೇಶ್ವರಿ ಅವನ ಕಡೆ ತಿರುಗಿ, ಹೇಳು ಎಂದರು.

ನಾಗರಾಜು ಜೇಬಿನಿಂದ ಕಾರಿನ ಕೀ ತೆಗೆದು ಬಾನೆಟ್ಟಿನ ಮೇಲಿಟ್ಟ.

"ಅಮ್ಮ ಹೇಳಿದ್ದು ನಿಜ ಸಾರ್. ನಾನೇ ಕರ್ಕೊಂಡ್ ಹೋಗಿದ್ದು."

ಅವನು ಅದನ್ನು ಗಿರಿರಾಜ್‌ಗೆ ಹೇಳುತ್ತಿರಲಿಲ್ಲ, ಮುದುಕಿಗೂ ಹೇಳುತ್ತಿರಲಿಲ್ಲ. ಅವನ ಕಣ್ಣು ಲತಾಳ ಮುಖದ ಮೇಲಿತ್ತು. ಮೂರು ವಾರದಲ್ಲಿ ಒಮ್ಮೆಯೂ ಕಣ್ಣೀರು ಹಾಕದಿದ್ದ ಲತಾಳ ತುಟಿ ಮೊದಲ ಸಲ ನಡುಗಿತು. ಪಕ್ಕದಲ್ಲೇ ನಿಂತಿದ್ದ ಬಸವರಾಜೇಶ್ವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅವಳು ಅಂದಳು:

"ಅಪ್ಪ ಹೋದಾಗಿನ ಭಾರಾನೂ ನೀನೇ ಹೊತ್ಕೊಂಡೆ. ನಾನು ಮಾಡಿದ್ದನ್ನೂ ನೀನೇ ಹೊತ್ಕೋತೀಯಾ ನಾಗಣ್ಣ?"